40,075 ಎಂದು ಬರೆದವನಿಗೆ ಎಷ್ಟು ಅಂಕ?

2015ರ ಜೂನ್‌ನಲ್ಲಿ ಇಂಗ್ಲೆಂಡಿನ ಜಿಸಿಎಸ್‌ಇ ಗಣಿತ ಪರೀಕ್ಷೆ, ಅಂದರೆ ಹೆಚ್ಚುಕಡಿಮೆ ನಮ್ಮ ಎಸ್ಸೆಸ್ಸೆಲ್ಸಿಗೆ ಸಮನಾದದ್ದು, ಮುಗಿಯುತ್ತಿದ್ದಂತೆ ಟ್ವಿಟರಿನ ತುಂಬ ಹ್ಯಾನಾ ಎಂಬ ಹುಡುಗಿಯದೇ ಮಾತು. ಹ್ಯಾನಾ ನಿಜವಾದ ಹುಡುಗಿಯಲ್ಲ. ಎಡೆಕ್ಸೆಲ್ ಮಂಡಳಿಯ ಪ್ರಶ್ನೆಪತ್ರಿಕೆಯಲ್ಲಿ ಬಂದವಳು. ಅವಳ ಚೀಲದಲ್ಲಿ ‘ಎನ್’ ಮಿಠಾಯಿಗಳಿವೆ. ಆರು ಕಿತ್ತಳೆ ಬಣ್ಣದವು, ಉಳಿದವು ಹಳದಿ. ನೋಡದೆ ಒಂದನ್ನು ತೆಗೆದು ತಿನ್ನುತ್ತಾಳೆ, ಮತ್ತೊಂದನ್ನು ತೆಗೆದು ತಿನ್ನುತ್ತಾಳೆ. ಎರಡೂ ಕಿತ್ತಳೆಯವೇ ಆಗಿರುವ ಸಂಭವನೀಯತೆ ಮೂರನೇ ಒಂದು. ಹಾಗಿದ್ದರೆ ಎನ್‌ನ ವರ್ಗದಿಂದ ಎನ್ ಅನ್ನೂ 90 ಅನ್ನೂ ಕಳೆದರೆ ಸೊನ್ನೆ ಉಳಿಯುತ್ತದೆಂದು ತೋರಿಸಿ ಎಂಬುದು ಪ್ರಶ್ನೆ.

ಮಿಠಾಯಿಗೂ ವರ್ಗಸಮೀಕರಣಕ್ಕೂ ಎಲ್ಲಿಯ ನಂಟು ಎಂದು ಮಕ್ಕಳು ಗೋಳಾಡಿದರು, ಗೇಲಿ ಮಾಡಿದರು. ಲೆಕ್ಕ ಮಾತ್ರ ಸಲೀಸು. ಮೊದಲ ಸಲ ಕಿತ್ತಳೆ ಸಿಗುವ ಸಾಧ್ಯತೆ ಎನ್‌ನಲ್ಲಿ ಆರು. ಒಂದು ಹೊಟ್ಟೆಗೆ ಹೋಯಿತು, ಎರಡನೆಯ ಸಲ ಎನ್‌ಗಿಂತ ಒಂದು ಕಡಿಮೆ ಇರುವುದರಲ್ಲಿ ಐದು. ಎರಡನ್ನೂ ಗುಣಿಸಿ ಮೂರನೇ ಒಂದಕ್ಕೆ ಸಮ ಎಂದಿಟ್ಟರೆ ಮುಂದಿನದು ಎರಡೇ ಸಾಲು. ಬೇಕೆಂದರೆ ಬಿಡಿಸಿಯೂ ನೋಡಬಹುದು: ಮಿಠಾಯಿ ಹತ್ತು. ಸಂಭವನೀಯತೆಯ ಪಾಠ ಆ ಮಕ್ಕಳಿಗೆ ಆಗಿತ್ತು, ವರ್ಗಸಮೀಕರಣದ ಪಾಠವೂ ಆಗಿತ್ತು. ಎರಡೂ ಒಂದೇ ಪ್ರಶ್ನೆಯೊಳಗೆ ಬರಬಹುದೆಂಬ ನಿರೀಕ್ಷೆ ಇರಲಿಲ್ಲ, ಅಷ್ಟೆ.

ನಮ್ಮಲ್ಲೂ ಪ್ರತಿವರ್ಷ ಗಣಿತದ ಪತ್ರಿಕೆ ಮುಗಿದ ದಿನ ಪರೀಕ್ಷಾ ಕೇಂದ್ರದ ಗೇಟಿನ ಮುಂದೆ ಕೇಳುವ ಮಾತು ಇದೇ. ‘ಟ್ವಿಸ್ಟ್ ಮಾಡಿ ಕೇಳಿದ್ದಾರೆ’, ‘ಇಂಡೈರೆಕ್ಟ್ ಆಗಿತ್ತು’, ‘ಗೈಡ್‌ನಲ್ಲಿ ಇರಲೇ ಇಲ್ಲ’. ಸಂಜೆಯೊಳಗೆ ಕೃಪಾಂಕದ ಬೇಡಿಕೆ. ಇಲ್ಲಿ ಎರಡು ಬೇರೆ ಬೇರೆ ದೂರುಗಳು ಒಂದಕ್ಕೊಂದು ಬೆರೆತುಹೋಗುತ್ತವೆ. 2024ರ ಸಿಇಟಿಯಲ್ಲಿ ಪಠ್ಯಕ್ರಮದಲ್ಲೇ ಇಲ್ಲದ ಪ್ರಶ್ನೆಗಳು ಬಂದವು. ಗಲಾಟೆಯಾಗಿ ಕೊನೆಗೆ ನಾಲ್ಕು ವಿಷಯಗಳಿಂದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಆ ದೂರು ನ್ಯಾಯವಾದದ್ದು. ಕಲಿಸದ್ದನ್ನು ಕೇಳುವ ಹಕ್ಕು ಯಾವ ಪರೀಕ್ಷೆಗೂ ಇಲ್ಲ. ಕಲಿಸಿದ್ದನ್ನೇ ಕಲಿಸದ ರೀತಿಯಲ್ಲಿ ಕೇಳುವುದು ಬೇರೆ ಮಾತು. ಅದನ್ನು ಕೇಳದ ಪರೀಕ್ಷೆ ಮಗುವಿನ ನೆನಪನ್ನು ಅಳೆಯುತ್ತದೆಯೇ ಹೊರತು ತಿಳಿವಳಿಕೆಯನ್ನಲ್ಲ.

ಇಷ್ಟಕ್ಕೆ ತಲೆದೂಗುವವರು ಬಹಳ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಾಯಿಪಾಠದ ಪರೀಕ್ಷೆ ಸಾಕೆಂದಿತು. ಸಿಬಿಎಸ್‌ಇ ತನ್ನ ಹತ್ತನೇ ತರಗತಿಯ ಪತ್ರಿಕೆಯಲ್ಲಿ ಅರ್ಧದಷ್ಟನ್ನು ಸಾಮರ್ಥ್ಯ ಆಧಾರಿತ ಪ್ರಶ್ನೆಗಳಿಗೆ ಮೀಸಲಿಟ್ಟಿತು. ನನ್ನ ತಕರಾರು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪ್ರಶ್ನೆ ಬದಲಾಯಿಸಿದರೆ ಸಾಲದು; ಅದಕ್ಕೂ ಮೊದಲು ಬದಲಾಗಬೇಕಾದ್ದು ಉತ್ತರಕ್ಕೆ ಅಂಕ ಹಾಕುವ ಕ್ರಮ. ಅದು ಹಾಗೇ ಉಳಿದು ಪ್ರಶ್ನೆ ಮಾತ್ರ ಹೊಸದಾದರೆ, ಆ ಹೊಸ ಪ್ರಶ್ನೆಯೂ ಎರಡು ವರ್ಷದಲ್ಲಿ ಬಾಯಿಪಾಠದ ಪಟ್ಟಿಗೆ ಸೇರುತ್ತದೆ.

ಸೇರಿದ್ದಕ್ಕೆ ಸಾಕ್ಷಿಯೂ ಇದೆ. 220 ವೋಲ್ಟಿನ 60 ವ್ಯಾಟ್ ಮತ್ತು 100 ವ್ಯಾಟ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಪ್ರಕಾಶಮಾನವಾಗಿ ಬೆಳಗುತ್ತದೆ? ಮನೆಯಲ್ಲಿ 100 ವ್ಯಾಟಿನದೇ ಹೆಚ್ಚು ಬೆಳಕು ಕೊಡುವುದನ್ನು ನೋಡಿದ ಮಗು 100 ಎನ್ನುತ್ತದೆ. ಉತ್ತರ 60. ಅದರ ರೋಧ ಸುಮಾರು 807 ಓಮ್, ಇನ್ನೊಂದರದು 484. ಸರಣಿಯಲ್ಲಿ ಎರಡರಲ್ಲೂ ಹರಿಯುವ ವಿದ್ಯುತ್ ಒಂದೇ ಆದ್ದರಿಂದ ಹೆಚ್ಚು ರೋಧ ಇರುವಲ್ಲೇ ಹೆಚ್ಚು ಶಕ್ತಿ ಖರ್ಚು. ಮೊದಲು ಕೇಳಿದವರ ತಲೆಗೆ ಶರಣು. ಸಾಮಾನ್ಯ ಅನುಭವವನ್ನೂ ಪಾಠದ ಸೂತ್ರವನ್ನೂ ಎದುರುಬದುರು ನಿಲ್ಲಿಸಿ, ಎಲ್ಲಿ ಯಾವುದು ನಡೆಯುತ್ತದೆಂದು ಯೋಚಿಸಲು ಹಚ್ಚುವ ಪ್ರಶ್ನೆ ಅದು. ಇವತ್ತು ಯಾವ ಪ್ರಶ್ನಕೋಠಿ ತೆರೆದರೂ ಅದು ಸಿಗುತ್ತದೆ. ‘ಸರಣಿ ಅಂದರೆ ಕಡಿಮೆ ವ್ಯಾಟ್, ಸಮಾಂತರ ಅಂದರೆ ಹೆಚ್ಚು ವ್ಯಾಟ್’ ಎಂದು ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಕಾರಣ ಕೇಳಿ ನೋಡಿ.

ಗಣಿತಜ್ಞ ಜಾರ್ಜ್ ಪೋಲ್ಯ 1945ರ ತಮ್ಮ ‘ಹೌ ಟು ಸಾಲ್ವ್ ಇಟ್’ ಪುಸ್ತಕದಲ್ಲಿ ಲೆಕ್ಕ ಬಿಡಿಸುವುದನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವುದು, ದಾರಿ ಯೋಚಿಸುವುದು, ಆ ದಾರಿಯಲ್ಲಿ ನಡೆಯುವುದು, ಮುಟ್ಟಿದ ಮೇಲೆ ತಿರುಗಿ ನೋಡುವುದು. ನಮ್ಮ ತರಗತಿಗಳಲ್ಲಿ ಅಭ್ಯಾಸವಾಗುವುದು ಮೂರನೆಯದು ಮಾತ್ರ. ಮೊದಲೆರಡನ್ನು ಮೇಷ್ಟ್ರೇ ಮಾಡಿಕೊಟ್ಟಿರುತ್ತಾರೆ, ನಾಲ್ಕನೆಯದಕ್ಕೆ ಬೆಲ್ ಹೊಡೆದಿರುತ್ತದೆ. ಇದು ನಮ್ಮೊಬ್ಬರ ರೋಗವೂ ಅಲ್ಲ. ಅಮೆರಿಕದಲ್ಲಿ 80ರ ದಶಕದ ಆರಂಭದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ ಹದಿಮೂರು ವರ್ಷದ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದರು: ಒಂದು ಬಸ್ಸಿನಲ್ಲಿ 36 ಸೈನಿಕರು ಹಿಡಿಸುತ್ತಾರೆ, ಒಟ್ಟು 1,128 ಸೈನಿಕರಿದ್ದರೆ ಎಷ್ಟು ಬಸ್ಸು ಬೇಕು? ಶೇ 29ರಷ್ಟು ಮಕ್ಕಳು ‘31, ಶೇಷ 12’ ಎಂದು ಬರೆದರು. ಶೇ 18ರಷ್ಟು ಮಂದಿ 31 ಎಂದರು. 32 ಬಸ್ಸು ಬೇಕು ಎಂದವರು ಶೇ 23 ಮಾತ್ರ. ಭಾಗಾಕಾರ ಬಹುಪಾಲು ಮಕ್ಕಳಿಗೆ ಬರುತ್ತಿತ್ತು. ಶೇಷವಾಗಿ ಉಳಿದವರು ಹನ್ನೆರಡು ಮನುಷ್ಯರು ಎಂಬುದು ಹೊಳೆಯಲಿಲ್ಲ.

ಹಾಗಾದರೆ ಒಳ್ಳೆಯ ಕಠಿಣ ಪ್ರಶ್ನೆ ಹೇಗಿರಬೇಕು, ಅದಕ್ಕೆ ಅಂಕ ಹೇಗೆ ಹಾಕಬೇಕು? ನಮ್ಮ ನೆಲದ್ದೇ ಒಂದನ್ನು ನೋಡೋಣ.

ಪ್ರತಿವರ್ಷ ಏಪ್ರಿಲ್ 24ರ ಹೊತ್ತಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಒಂದು ಕ್ಷಣ ಅದರ ಬುಡಕ್ಕೇ ಬೀಳುತ್ತದೆ. ಸೂರ್ಯ ಕರ್ಕಾಟಕ ವೃತ್ತದ ಕಡೆಗೆ ಹೋಗುವಾಗ ಒಮ್ಮೆ, ಮರಳುವಾಗ ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಕರ್ನಾಟಕ ಪೂರ್ತಿ ಕರ್ಕಾಟಕ ವೃತ್ತಕ್ಕಿಂತ ದಕ್ಷಿಣಕ್ಕೆ ಇರುವುದರಿಂದ ನಮ್ಮ ಪ್ರತಿ ಊರಿಗೂ ಇಂಥ ಎರಡು ದಿನಗಳಿವೆ. ದಿಲ್ಲಿಯವರಿಗೆ ಒಂದೂ ಇಲ್ಲ. ಇದನ್ನು ನೋಡಲು ಬೇಕಾದ್ದು ಒಂದು ಕೋಲು, ಒಂದು ಗಡಿಯಾರ, ಸಮತಟ್ಟಾದ ಅಂಗಳ. ಯಾವ ಸರ್ಕಾರಿ ಶಾಲೆಯಲ್ಲೂ ಇವಕ್ಕೆ ಬರವಿಲ್ಲ. ಏಪ್ರಿಲ್ ಕೊನೆಗೆ ಶಾಲೆಗೆ ರಜೆ ಎಂಬುದೊಂದೇ ಕಿರಿಕಿರಿ, ಆದರೆ ಆಗಸ್ಟಿನದು ಶಾಲೆಯ ದಿನಗಳಲ್ಲೇ ಬರುತ್ತದೆ, ಮೋಡ ಬಿಟ್ಟುಕೊಟ್ಟರೆ.

ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ನೆರಳು ಮಾಯವಾಗುವುದು 12 ಗಂಟೆಗಲ್ಲ, ಸುಮಾರು 12:17ಕ್ಕೆ. ಯಾಕೆ? ನಮ್ಮ ಗಡಿಯಾರಗಳೆಲ್ಲ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82½ ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಇರುವುದು 77.6 ಡಿಗ್ರಿಯಲ್ಲಿ. ವ್ಯತ್ಯಾಸ 4.9 ಡಿಗ್ರಿ, ಡಿಗ್ರಿಗೆ ನಾಲ್ಕು ನಿಮಿಷದಂತೆ ಇಪ್ಪತ್ತು ನಿಮಿಷಕ್ಕೆ ಕೊಂಚ ಕಡಿಮೆ. ಪಾಠ ಇಲ್ಲಿಗೆ ಮುಗಿಯುತ್ತದೆ, ಕೀ ಉತ್ತರವೂ ಮುಗಿಯುತ್ತದೆ: ಸುಮಾರು 12:20. ಅಂಗಳದಲ್ಲಿ ಕೋಲು ನೆಟ್ಟು ನೋಡಿದ ಮಗುವಿನ ಬಳಿ ಇರುವುದು 12:17. ಅದೇ ಮಗು ಆಗಸ್ಟ್ 18ರಂದು ನೋಡಿದರೆ 12:24 ಸಿಗುತ್ತದೆ. ಒಂದೇ ಊರು, ಒಂದೇ ಕೋಲು, ಏಳು ನಿಮಿಷದ ಅಂತರ. ಭೂಮಿ ಸೂರ್ಯನನ್ನು ಸುತ್ತುವ ಹಾದಿ ಪೂರ್ತಿ ದುಂಡಗಿಲ್ಲ, ಅದರ ಅಕ್ಷ ವಾಲಿಕೊಂಡಿದೆ. ಹೀಗಾಗಿ ಸೂರ್ಯ ವರ್ಷದಲ್ಲಿ ಕೆಲವು ಕಾಲ ಗಡಿಯಾರಕ್ಕಿಂತ ಮುಂದೆ, ಕೆಲವು ಕಾಲ ಹಿಂದೆ. ನವೆಂಬರ್ ಮೊದಲ ವಾರದಲ್ಲಿ ಹದಿನಾರು ನಿಮಿಷದಷ್ಟು ಮುಂದೆ, ಫೆಬ್ರುವರಿ ನಡುವಿನಲ್ಲಿ ಹದಿನಾಲ್ಕು ನಿಮಿಷದಷ್ಟು ಹಿಂದೆ. ಹತ್ತನೇ ತರಗತಿಯ ಮಗುವಿಗೆ ಇದೆಲ್ಲ ಗೊತ್ತಿರಬೇಕಿಲ್ಲ. ಆದರೆ ‘ಲೆಕ್ಕದ ಪ್ರಕಾರ 12:20, ನಾನು ನೋಡಿದ್ದು 12:17, ಉಳಿದ ಮೂರು ನಿಮಿಷಕ್ಕೆ ಬೇರೇನೋ ಕಾರಣವಿದೆ’ ಎಂದು ಬರೆದ ಮಗುವಿಗೆ ಅಂಕ ಕತ್ತರಿಸುವವರು ವಿಜ್ಞಾನದ ಮೇಷ್ಟ್ರಲ್ಲ.

ಈಗ ಇದನ್ನು ಇನ್ನೊಂದು ಮೆಟ್ಟಿಲು ಏರಿಸೋಣ. ಪ್ರಶ್ನೆ ಹೀಗಿರಲಿ: ‘ಮಂಗಳೂರು ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ನೆರಳು ಮಾಯವಾದ 11 ನಿಮಿಷಗಳ ನಂತರ ಮಂಗಳೂರಿನಲ್ಲಿ ಮಾಯವಾಯಿತು. ಎರಡೂ ಊರುಗಳ ನಡುವೆ ರಸ್ತೆಯಲ್ಲಿ 350 ಕಿ.ಮೀ., ನೇರ ಗೆರೆಯಲ್ಲಿ 297 ಕಿ.ಮೀ. ಇದರಿಂದ ಭೂಮಿಯ ಸುತ್ತಳತೆಯನ್ನು ಅಂದಾಜಿಸಿ. ಪುಸ್ತಕದಲ್ಲಿರುವ ಬೆಲೆಗೂ ನಿಮ್ಮ ಉತ್ತರಕ್ಕೂ ವ್ಯತ್ಯಾಸ ಕಂಡರೆ ಕಾರಣ ಹೇಳಿ.’ ನಾಲ್ಕು ಅಂಕ. ಭೂಗೋಳವೂ ಇದೆ, ಗಣಿತವೂ ಇದೆ, ವಿಜ್ಞಾನವೂ ಇದೆ. ಪಠ್ಯಕ್ಕೆ ಹೊರಗಿನದು ಏನೂ ಇಲ್ಲ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟೋಸ್ತನೀಸ್ ಉತ್ತರ-ದಕ್ಷಿಣವಾಗಿ ಮಾಡಿದ್ದನ್ನು ಇಲ್ಲಿ ಪೂರ್ವ-ಪಶ್ಚಿಮವಾಗಿ ಮಾಡುತ್ತಿದ್ದೇವೆ.

ಮೂವರು ಮಕ್ಕಳು ಮೂರು ಉತ್ತರ ಬರೆಯುತ್ತಾರೆ ಎಂದಿಟ್ಟುಕೊಳ್ಳಿ. ಮೊದಲನೆಯವನು ‘40,075 ಕಿ.ಮೀ.’ ಎಂದು ಬರೆದು ಅಡಿಗೆರೆ ಎಳೆಯುತ್ತಾನೆ. ಎರಡನೆಯವಳು ಹೀಗೆ ಬರೆಯುತ್ತಾಳೆ: ಭೂಮಿ ಒಂದು ಸುತ್ತು ತಿರುಗಲು 1,440 ನಿಮಿಷ, 11 ನಿಮಿಷಕ್ಕೆ 297 ಕಿ.ಮೀ. ಆದರೆ ನಿಮಿಷಕ್ಕೆ 27, 1,440ಕ್ಕೆ 38,880. ಮೂರನೆಯವನು ಇದೇ ದಾರಿಯಲ್ಲಿ ಹೋಗಿ 350 ಹಿಡಿದುಕೊಂಡು 45,818 ತರುತ್ತಾನೆ.

‘ಸರಿಯಾದ’ ಸಂಖ್ಯೆ ಬರೆದವನು ಮೊದಲನೆಯವನೇ. ಅವನಿಗೆ ನಾನು ಸೊನ್ನೆ ಹಾಕುತ್ತೇನೆ. ಪ್ರಶ್ನೆ ಕೇಳಿದ್ದು ಭೂಮಿಯ ಸುತ್ತಳತೆ ಎಷ್ಟೆಂದಲ್ಲ. ಈ ಮಾಹಿತಿಯಿಂದ ಅದು ಹೇಗೆ ಹೊರಡುತ್ತದೆಂದು. ಎರಡನೆಯವಳ ಉತ್ತರ ಪುಸ್ತಕದ್ದಕ್ಕಿಂತ ಸುಮಾರು 1,200 ಕಿ.ಮೀ. ಕಡಿಮೆ, ಆದರೂ ಅವಳ ಲೆಕ್ಕ ಸರಿ. ಅವಳು ಅಳೆದದ್ದು ಸಮಭಾಜಕ ವೃತ್ತವನ್ನಲ್ಲ, ಅದಕ್ಕಿಂತ ಚಿಕ್ಕದಾದ ಹದಿಮೂರನೇ ಡಿಗ್ರಿಯ ಅಕ್ಷಾಂಶ ವೃತ್ತವನ್ನು. ಇಷ್ಟನ್ನು ಅವಳೇ ಬರೆದರೆ ನಾಲ್ಕಕ್ಕೆ ನಾಲ್ಕು, ಬರೆಯದಿದ್ದರೆ ಮೂರು. ಮೂರನೆಯವನ ವಿಧಾನಕ್ಕೆ ಎರಡು ಅಂಕ ಸಲ್ಲಲೇಬೇಕು. ಶಿರಾಡಿ ಘಾಟಿಯಲ್ಲಿ ರಸ್ತೆ ಸುತ್ತಿ ಬಳಸಿ ಇಳಿಯುತ್ತದೆ, ಭೂಮಿ ಹಾಗೆ ತಿರುಗುವುದಿಲ್ಲ ಎಂಬುದು ಅವನಿಗೆ ತೋಚಲಿಲ್ಲ. ‘ನನ್ನ ಉತ್ತರ ಹೆಚ್ಚು ಬಂದಿದೆ, ರಸ್ತೆಯ ದೂರ ತೆಗೆದುಕೊಂಡದ್ದೇ ಕಾರಣವಿರಬೇಕು’ ಎಂದು ಕೊನೆಗೆ ಒಂದು ಸಾಲು ಸೇರಿಸಿದ್ದರೆ ಅವನಿಗೂ ಮೂರು.

ಈಗಿನ ನಮ್ಮ ಕ್ರಮದಲ್ಲಿ ಆಗುವುದೇನು? ಕೀ ಉತ್ತರದಲ್ಲಿ ಒಂದು ಸಂಖ್ಯೆ ಅಚ್ಚಾಗಿರುತ್ತದೆ, ಕಣ್ಣು ಅದನ್ನೇ ಹುಡುಕುತ್ತದೆ. ಇದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಪಿಯುಸಿ ಪ್ರಯೋಗಾಲಯದಲ್ಲಿ ಲೋಲಕ ತೂಗಿ ಗುರುತ್ವವೇಗೋತ್ಕರ್ಷ ಕಂಡುಹಿಡಿದವರನ್ನು ಕೇಳಿ: ಎಷ್ಟು ಮಂದಿ ಮೊದಲು 9.8 ಬರೆದು, ಆಮೇಲೆ ಅದಕ್ಕೆ ತಕ್ಕಂತೆ ರೀಡಿಂಗ್ ತುಂಬಿದ್ದಾರೆ? 9.4 ಬಂದದ್ದನ್ನು 9.4 ಎಂದೇ ಬರೆದು, ದಾರದ ಉದ್ದ ಅಳೆದದ್ದರಲ್ಲಿ ಎಡವಿರಬಹುದು ಎನ್ನುವ ಹುಡುಗ ಅಂಕ ಕಳೆದುಕೊಳ್ಳುತ್ತಾನೆ, 9.8 ಹೆಣೆದವನು ಪೂರ್ತಿ ಪಡೆಯುತ್ತಾನೆ. ವಿಜ್ಞಾನದ ಹೆಸರಿನಲ್ಲಿ ಸುಳ್ಳು ಹೇಳುವ ತರಬೇತಿ ಇದು. ನಾವೇ ಕೊಡುತ್ತಿದ್ದೇವೆ, ಅಂಕದ ಆಮಿಷ ಒಡ್ಡಿ.

ಗಣಿತದ ಮೌಲ್ಯಮಾಪನದ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅಲ್ಲಿ ಹಂತಕ್ಕಿಷ್ಟು ಎಂಬ ಅಂಕ ಹಿಂದಿನಿಂದಲೂ ಇದೆ; ಪರ್ಯಾಯ ವಿಧಾನ ಸರಿಯಿದ್ದರೆ ಪೂರ್ಣ ಅಂಕ ಕೊಡಿ ಎಂಬ ಸೂಚನೆಯೂ ಇದೆ. ಆದರೆ ಪ್ರಶ್ನೆಗಳೇ ಪರ್ಯಾಯಕ್ಕೆ ಎಡೆ ಕೊಡದಷ್ಟು ಸವೆದಿವೆ. ತ್ರಿಕೋನಮಿತಿಯ ಗೋಪುರಗಳೆಲ್ಲ 30, 45, 60 ಡಿಗ್ರಿಗಳಲ್ಲೇ ಕಾಣಿಸಿಕೊಳ್ಳುತ್ತವೆ. ನಮ್ಮೂರಿನ ನೀರಿನ ಟ್ಯಾಂಕು ಯಾಕೋ ಎಂದೂ ಆ ಕೋನಗಳಲ್ಲಿ ಕಾಣುವುದಿಲ್ಲ. ಸಮಾಜ ವಿಜ್ಞಾನದ್ದು ಇನ್ನೂ ಕಷ್ಟ. ಅಲ್ಲಿ ಅಂಕವೆಂದರೆ ಪಾಯಿಂಟುಗಳ ಎಣಿಕೆ. ‘ಕಪ್ಪು ಮಣ್ಣಿನ ಲಕ್ಷಣಗಳಾವುವು?’ ಎಂದು ಕೇಳಿದರೆ ನಾಲ್ಕು ಪಾಯಿಂಟಿಗೆ ನಾಲ್ಕು ಅಂಕ. ಬಯಲುಸೀಮೆಯ ಹುಡುಗಿಯೊಬ್ಬಳು ತಮ್ಮ ಎರೆಹೊಲ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲಕ್ಕೆ ಬಿರುಕು ಬಿಡುವುದನ್ನು, ಆ ಬಿರುಕಿನಲ್ಲಿ ಗಾಳಿಯಾಡುವುದನ್ನು, ಮಳೆ ನಿಂತ ಮೇಲೂ ಹಿಂಗಾರಿ ಜೋಳ ಆ ತೇವದಲ್ಲೇ ಬೆಳೆಯುವುದನ್ನು ವಿವರಿಸಿ ಬರೆದರೆ, ಮೌಲ್ಯಮಾಪಕರಿಗೆ ಅದನ್ನು ಎಷ್ಟು ಪಾಯಿಂಟು ಎಂದು ಎಣಿಸುವುದೆಂಬ ಗೊಂದಲ. ಅದೇ ಪತ್ರಿಕೆಯಲ್ಲಿ ಎರಡು ಊರುಗಳ ಹನ್ನೆರಡು ತಿಂಗಳ ಮಳೆಯ ಕೋಷ್ಟಕ ಕೊಟ್ಟು, ಹೆಸರು ಮುಚ್ಚಿಟ್ಟು, ಯಾವುದು ಮಂಗಳೂರು, ಯಾವುದು ಚೆನ್ನೈ, ಹೇಗೆ ಗೊತ್ತಾಯಿತು ಎಂದು ಕೇಳಬಹುದಲ್ಲ? ಜೂನ್-ಜುಲೈನಲ್ಲಿ ಸುರಿದದ್ದು ಒಂದು, ಅಕ್ಟೋಬರ್-ನವೆಂಬರ್‌ನಲ್ಲಿ ಸುರಿದದ್ದು ಇನ್ನೊಂದು. ಮಾನ್ಸೂನಿನ ಅಧ್ಯಾಯ ಪೂರ್ತಿ ಆ ಎರಡು ಸಾಲುಗಳಲ್ಲಿ ಅಡಗಿದೆ.

ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುವ ರಾಜ್ಯದಲ್ಲಿ ಒಬ್ಬೊಬ್ಬರ ಯೋಚನೆಯನ್ನೂ ತೂಗುತ್ತ ಕೂರಲು ಸಾಧ್ಯವೇ, ಬೀದರಿನ ಮೌಲ್ಯಮಾಪಕರಿಗೂ ಮಡಿಕೇರಿಯವರಿಗೂ ಒಂದೇ ಅಳತೆಗೋಲು ಬೇಡವೇ ಎಂದು ಕೇಳುತ್ತಾರೆ. ಬೇಕು. ಆದರೆ ಅಳತೆಗೋಲು ಎಂದರೆ ಅಂತಿಮ ಉತ್ತರವೇ ಆಗಬೇಕಿಲ್ಲ. ಹ್ಯಾನಾಳ ಪ್ರಶ್ನೆ ಕೇಳಿದ ಎಡೆಕ್ಸೆಲ್‌ನಂಥ ಬ್ರಿಟಿಷ್ ಮಂಡಳಿಗಳ ಗಣಿತದ ಕೀ ಉತ್ತರಗಳಲ್ಲಿ ವಿಧಾನದ ಅಂಕ ಬೇರೆ, ನಿಖರತೆಯ ಅಂಕ ಬೇರೆ ಎಂದು ಪಕ್ಕದಲ್ಲೇ ಗುರುತು ಹಾಕಿರುತ್ತಾರೆ. ಮೊದಲ ಹಂತದಲ್ಲಿ ಎಡವಿದ ಮಗು ಆ ತಪ್ಪು ಸಂಖ್ಯೆಯಿಂದಲೇ ಮುಂದಿನ ಹಂತವನ್ನು ಸರಿಯಾಗಿ ಮಾಡಿದರೆ ಆ ಹಂತದ ಅಂಕ ಅದಕ್ಕೆ ಸಿಗುವ ಏರ್ಪಾಡೂ ಇದೆ. ಒಂದು ತಪ್ಪಿಗೆ ಒಂದೇ ಸಲ ದಂಡ. ಅಲ್ಲೂ ಲಕ್ಷಾಂತರ ಉತ್ತರಪತ್ರಿಕೆಗಳಿವೆ, ಅಲ್ಲಿನ ಮೌಲ್ಯಮಾಪಕರೂ ನಮ್ಮ ನಿಮ್ಮಂಥ ಮನುಷ್ಯರೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮನೆಯಲ್ಲಿ ಓದಿದವರೇ ಇಲ್ಲದ, ಹತ್ತನೇ ತರಗತಿ ದಾಟಿದರೆ ಸಾಕೆನ್ನುವ ಮಗುವಿಗೆ ‘ಪಾಸಿಂಗ್ ಪ್ಯಾಕೇಜ್’ ಎಂಬ ನಲವತ್ತು ಪುಟದ ಕೈಪಿಡಿಯೇ ಆಸರೆ. ಯಾವ ಪ್ರಶ್ನೆ ಬರುತ್ತದೆಂದು ನಿಶ್ಚಯವಾಗಿ ಗೊತ್ತಿರುವುದೇ ಅದರ ಧೈರ್ಯ. ಆ ನಿಶ್ಚಯವನ್ನು ಕಸಿದುಕೊಂಡರೆ ಪೆಟ್ಟು ಬೀಳುವುದು ನಗರದ ಕೋಚಿಂಗ್ ಮಕ್ಕಳಿಗಲ್ಲ. ಕಲಿಸುವ ರೀತಿ ಬದಲಾಗದೆ ಕೇಳುವ ರೀತಿ ಮಾತ್ರ ಬದಲಾದರೆ ಏನಾಗುತ್ತದೆಂದು ದೇಶ ಒಮ್ಮೆ ನೋಡಿದೆ. ಪಿಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ 2009ರ ಸುತ್ತಿನಲ್ಲಿ ತಮಿಳುನಾಡು ಮತ್ತು ಹಿಮಾಚಲ ಪ್ರದೇಶದ ಹದಿನೈದು ವರ್ಷದ ಮಕ್ಕಳು ಕುಳಿತರು. 74 ದೇಶ-ಪ್ರದೇಶಗಳ ಪಟ್ಟಿಯ ತೀರ ಕೆಳಗೆ ಈ ಎರಡು ರಾಜ್ಯಗಳ ಹೆಸರಿತ್ತು. ಪ್ರಶ್ನೆಗಳು ನಮ್ಮ ಮಕ್ಕಳ ಬದುಕಿಗೆ ಹೊಂದುವಂತಿರಲಿಲ್ಲ ಎಂಬ ಸಬೂಬು ಬಂತು, 2012ರ ಸುತ್ತಿಗೆ ಭಾರತ ಹೋಗಲಿಲ್ಲ. ಕೆಟ್ಟ ಸುದ್ದಿ ತಂದ ಥರ್ಮಾಮೀಟರನ್ನು ಬಿಸಾಡಿದ ಹಾಗಾಯಿತು.

ಅದಕ್ಕೇ ನಾನು ಅಂಕದ ಕ್ರಮ ಮೊದಲು ಎನ್ನುವುದು. ಅರ್ಧ ದಾರಿ ಯೋಚಿಸಿದ್ದಕ್ಕೂ ಅಂಕ ಉಂಟೆಂದು ಖಚಿತವಾದರೆ ಹೊಸ ಪ್ರಶ್ನೆಯ ಮುಂದೆ ಹಿಂದುಳಿದ ಮಗುವೂ ಪೆನ್ನು ಹಿಡಿಯುತ್ತದೆ. ಈಗ ಅದು ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುತ್ತದೆ, ಏಕೆಂದರೆ ಪೂರ್ತಿ ಗೊತ್ತಿಲ್ಲದಿದ್ದರೆ ಬರೆದೂ ಪ್ರಯೋಜನವಿಲ್ಲ ಎಂದು ಹತ್ತು ವರ್ಷದಿಂದ ಕಲಿತಿದೆ. ಎರೆಹೊಲದ ಬಿರುಕು ನೋಡಿದವಳಿಗೂ, ಹೊಲದ ಅಂಚಿನ ಮರದ ನೆರಳು ನೋಡಿ ಹೊತ್ತು ಹೇಳುವವನಿಗೂ ಕೋಚಿಂಗ್ ಸೆಂಟರು ಕಲಿಸಲಾಗದ ಒಂದಿಷ್ಟು ಗೊತ್ತಿದೆ. ಪಾಯಿಂಟು ಎಣಿಸುವ ಪರೀಕ್ಷೆಯಲ್ಲಿ ಅದಕ್ಕೆ ಬೆಲೆಯಿಲ್ಲ.

ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಮುಂದೆ ಎರಡು ಕೋರಿಕೆಗಳಿವೆ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರತಿ ಪತ್ರಿಕೆಯಲ್ಲೂ ಎಲ್ಲೂ ಅಚ್ಚಾಗದ ಒಂದು ಪ್ರಶ್ನೆ ಇರಲಿ. ಅದರ ಕೀ ಉತ್ತರದಲ್ಲಿ ವಿಧಾನಕ್ಕೆ, ಕಾರಣಕ್ಕೆ, ತನ್ನ ಉತ್ತರವನ್ನು ತಾನೇ ಅನುಮಾನಿಸಿದ್ದಕ್ಕೆ ಬೇರೆ ಬೇರೆ ಅಂಕ ಬರೆದಿಡಿ. ಎರಡನೆಯದಾಗಿ, ಫಲಿತಾಂಶದ ದಿನ ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂದು ಪಟ್ಟಿ ಕೊಟ್ಟು ಸುಮ್ಮನಾಗಬೇಡಿ. ಐಸಿಎಸ್‌ಇ ನಡೆಸುವ ಮಂಡಳಿ ತನ್ನ ವಿದ್ಯಾರ್ಥಿಗಳು ಯಾವ ಪ್ರಶ್ನೆಯಲ್ಲಿ ಎಲ್ಲಿ ತಪ್ಪಿದರು, ಮೇಷ್ಟ್ರುಗಳು ಏನು ಮಾಡಬಹುದು ಎಂಬ ವಿಶ್ಲೇಷಣೆಯನ್ನು ಪ್ರಕಟಿಸುತ್ತ ಬಂದಿದೆ. ಎಂಟು ಲಕ್ಷ ಮಕ್ಕಳ ಉತ್ತರಪತ್ರಿಕೆಗಳು ನಿಮ್ಮ ಕೈಯಲ್ಲಿವೆ. ಅವರು ಎಲ್ಲಿ ಎಡವಿದರು, ಯಾಕೆ ಎಡವಿದರು ಎಂಬ ವರದಿಯನ್ನು ಕನ್ನಡದಲ್ಲಿ ಬರೆದು ಜೂನ್ ತಿಂಗಳೊಳಗೆ ಪ್ರತಿ ಪ್ರೌಢಶಾಲೆಗೂ ಕಳಿಸಿ.